ಕಡಲಾಳದ ತೈಲಕ್ಕೆ ದಾರಿ ತೆರೆದ ಕೇಶವದೇವ ಮಾಳವೀಯ

ಒಂದು ರೂಪಾಯಿ ನೋಟಿನ ಹಿಂಬದಿಯಲ್ಲಿ ಕಡಲ ನಡುವೆ ನಿಂತ ಯಂತ್ರವೊಂದರ ಚಿತ್ರವಿದೆ. ಅದರ ಹೆಸರು ಸಾಗರ್ ಸಾಮ್ರಾಟ್. 1974ರ ಫೆಬ್ರುವರಿಯಲ್ಲಿ ಮುಂಬೈ ತೀರದಿಂದ ಸುಮಾರು 160 ಕಿಲೋಮೀಟರ್ ದೂರದಲ್ಲಿ, ಅರಬ್ಬೀ ಸಮುದ್ರದ ತಳವನ್ನು ಕೊರೆದು ತೈಲವನ್ನು ಕಂಡುಹಿಡಿದ ರಿಗ್ ಅದು. ಬಾಂಬೆ ಹೈ ಎಂದು ಆಗ ಹೆಸರಾಗಿದ್ದ, ಈಗ ಮುಂಬೈ ಹೈ ಎಂದು ಕರೆಯಲಾಗುವ ಆ ನಿಕ್ಷೇಪವು ಭಾರತದ ಅತಿ ದೊಡ್ಡ ತೈಲಕ್ಷೇತ್ರವಾಗಿ ಬೆಳೆಯಿತು. ಯಂತ್ರಕ್ಕೆ ನೋಟಿನ ಮೇಲೆ ಸ್ಥಾನ ದೊರೆಯಿತು. ಆ ಯಂತ್ರವನ್ನು ಕಡಲಿಗಿಳಿಸಿದ ಸಂಸ್ಥೆಯನ್ನು ಕಟ್ಟಿದ ಕೇಶವದೇವ ಮಾಳವೀಯರ ಹೆಸರು ಮಾತ್ರ ತೈಲೋದ್ಯಮದ ಹೊರಗೆ ಬಹುಮಟ್ಟಿಗೆ ಮರೆತುಹೋಗಿದೆ.

ಭಾರತೀಯ ತೈಲೋದ್ಯಮದ ಜನಕ ಎಂಬ ಗೌರವಕ್ಕೆ ಪಾತ್ರರಾದ ಮಾಳವೀಯರ ಬದುಕು ಏರಿಳಿತಗಳಿಂದ ಕೂಡಿತ್ತು. ದೇಶದಲ್ಲಿ ಹೇಳಿಕೊಳ್ಳುವಂತಹ ತೈಲವೇ ಇಲ್ಲ ಎಂಬ ಮಾತು ಪ್ರಬಲವಾಗಿದ್ದ ಕಾಲದಲ್ಲಿ ಅವರು ಸರ್ಕಾರಿ ಸಂಸ್ಥೆಯೊಂದನ್ನು ಕಟ್ಟಿದರು. ಅದು ಫಲ ಕೊಡತೊಡಗಿದ ಹೊತ್ತಿನಲ್ಲೇ ಆರೋಪಕ್ಕೆ ಗುರಿಯಾಗಿ ಅಧಿಕಾರ ತೊರೆದರು. ಹನ್ನೊಂದು ವರ್ಷಗಳ ಬಳಿಕ ಅದೇ ಖಾತೆಗೆ ಮರಳಿ, ಕಡಲಾಳದ ತೈಲವು ಮೊದಲ ಬಾರಿಗೆ ಮೇಲಕ್ಕೆ ಹರಿಯುವುದನ್ನು ಸಚಿವರಾಗಿಯೇ ಕಂಡರು.

ಅಲಹಾಬಾದಿನಿಂದ ದೆಹಲಿಗೆ

ಮಾಳವೀಯರು ಹುಟ್ಟಿದ್ದು 1904ರಲ್ಲಿ, ಅಲಹಾಬಾದಿನಲ್ಲಿ. ಅಲಹಾಬಾದ್ ವಿಶ್ವವಿದ್ಯಾಲಯದಲ್ಲಿಯೂ, ತಾಂತ್ರಿಕ ಶಿಕ್ಷಣಕ್ಕೆ ಹೆಸರಾಗಿದ್ದ ಕಾನ್ಪುರದ ಹಾರ್ಕೋರ್ಟ್ ಬಟ್ಲರ್ ಸಂಸ್ಥೆಯಲ್ಲಿಯೂ ವ್ಯಾಸಂಗ ಮಾಡಿದರು. ವಿಜ್ಞಾನ ಹಾಗೂ ತಂತ್ರಜ್ಞಾನದ ಹಿನ್ನೆಲೆಯುಳ್ಳ ರಾಜಕಾರಣಿಗಳು ವಿರಳವಾಗಿದ್ದ ಕಾಲವದು. ಸ್ವಾತಂತ್ರ್ಯ ಚಳವಳಿಯ ಸೆಳೆತಕ್ಕೆ ಒಳಗಾದ ಅವರು ಕಾಂಗ್ರೆಸ್ಸನ್ನು ಸೇರಿ ಸೆರೆವಾಸವನ್ನು ಅನುಭವಿಸಿದರು. ಸಂಯುಕ್ತ ಪ್ರಾಂತ್ಯದ, ಅಂದರೆ ಮುಂದೆ ಉತ್ತರ ಪ್ರದೇಶವಾದ ರಾಜ್ಯದ ರಾಜಕಾರಣದಲ್ಲಿ ಬೆಳೆದು, ಅಲ್ಲಿನ ಸರ್ಕಾರದಲ್ಲಿ ಹೊಣೆ ಹೊತ್ತ ಬಳಿಕ 1952ರಲ್ಲಿ ಲೋಕಸಭೆಗೆ ಬಂದರು.

ದೆಹಲಿಯಲ್ಲಿ ಅವರಿಗೆ ದೊರೆತದ್ದು ನೈಸರ್ಗಿಕ ಸಂಪನ್ಮೂಲ ಹಾಗೂ ವೈಜ್ಞಾನಿಕ ಸಂಶೋಧನೆಯ ಹೊಣೆ. ಮೌಲಾನಾ ಅಬುಲ್ ಕಲಾಂ ಆಜಾದರ ಬೃಹತ್ ಶಿಕ್ಷಣ ಸಚಿವಾಲಯದ ಒಂದು ಅಂಗವಾಗಿದ್ದ ಈ ವಿಭಾಗಕ್ಕೆ ಹಣವೂ ಕಡಿಮೆ, ಪ್ರತಿಷ್ಠೆಯೂ ಕಡಿಮೆ. ಆ ಪುಟ್ಟ ಹೊಣೆಯನ್ನೇ ಮಾಳವೀಯರು ದೇಶದ ಆರ್ಥಿಕ ಸ್ವಾತಂತ್ರ್ಯದ ಪ್ರಶ್ನೆಯಾಗಿ ಬೆಳೆಸಿದರು.

ಆಗಿನ ಸ್ಥಿತಿಯನ್ನು ಇಲ್ಲಿ ನೆನಪಿಸಿಕೊಳ್ಳುವುದು ಅಗತ್ಯ. ಅಸ್ಸಾಮಿನ ದಿಗ್ಬೋಯಿಯಲ್ಲಿ 1889ರಲ್ಲಿ ತೈಲ ದೊರೆತಿತ್ತು, 1901ರಲ್ಲಿ ಅಲ್ಲೊಂದು ಶುದ್ಧೀಕರಣಾಗಾರವೂ ಆರಂಭವಾಗಿತ್ತು. ಆದರೆ ಸ್ವಾತಂತ್ರ್ಯ ಬಂದಾಗ ಇಡೀ ದೇಶದ ವಾರ್ಷಿಕ ಕಚ್ಚಾತೈಲ ಉತ್ಪಾದನೆ ಸುಮಾರು ಎರಡೂವರೆ ಲಕ್ಷ ಟನ್ನುಗಳಷ್ಟೇ. ಅದೂ ಬ್ರಿಟಿಷ್ ಒಡೆತನದ ಕಂಪನಿಯ ಕೈಯಲ್ಲಿತ್ತು. ಉಳಿದ ಸೀಮೆಎಣ್ಣೆ, ಪೆಟ್ರೋಲ್ ಹಾಗೂ ಡೀಸೆಲ್ ಎಲ್ಲವೂ ಹೊರಗಿನಿಂದ ಬರಬೇಕಿತ್ತು. ಬರ್ಮಾ ಶೆಲ್, ಸ್ಟಾನ್‌ವ್ಯಾಕ್ ಹಾಗೂ ಕ್ಯಾಲ್ಟೆಕ್ಸ್ ಎಂಬ ಮೂರು ವಿದೇಶಿ ಕಂಪನಿಗಳು ಮಾರುಕಟ್ಟೆಯನ್ನು ಹಂಚಿಕೊಂಡಿದ್ದವು.

1950ರ ದಶಕದ ಆರಂಭದಲ್ಲಿ ಈ ಮೂರೂ ಕಂಪನಿಗಳು ಟ್ರಾಂಬೆ ಹಾಗೂ ವಿಶಾಖಪಟ್ಟಣದಲ್ಲಿ ಶುದ್ಧೀಕರಣಾಗಾರಗಳನ್ನು ಸ್ಥಾಪಿಸಲು ಸರ್ಕಾರದೊಡನೆ ಒಪ್ಪಂದ ಮಾಡಿಕೊಂಡವು. 25 ವರ್ಷಗಳ ಕಾಲ ರಾಷ್ಟ್ರೀಕರಣ ಮಾಡುವುದಿಲ್ಲ ಎಂಬ ಭರವಸೆಯೂ ಅವುಗಳಿಗೆ ದೊರೆಯಿತು. ತಮ್ಮ ತೈಲವನ್ನು ತಾವೇ ನಿಗದಿಪಡಿಸಿದ ಬೆಲೆಗೆ ತಂದು, ತಮ್ಮ ಶುದ್ಧೀಕರಣಾಗಾರದಲ್ಲಿ ಸಂಸ್ಕರಿಸಿ, ತಮ್ಮ ಬಂಕುಗಳಲ್ಲಿ ಮಾರುವ ವ್ಯವಸ್ಥೆ ಅದಾಗಿತ್ತು. ಭಾರತದ ನೆಲದಲ್ಲಿ ತೈಲ ದೊರೆತರೆ ಈ ವ್ಯಾಪಾರಕ್ಕೆ ಹೊಡೆತ ಬೀಳುವುದು ಸಹಜ. ಹೀಗಾಗಿ ಇಲ್ಲಿ ತೈಲ ಹುಡುಕುವುದು ವ್ಯರ್ಥ ಎಂಬ ಅಭಿಪ್ರಾಯವನ್ನು ಕೇವಲ ಭೂವಿಜ್ಞಾನದ ತೀರ್ಮಾನವೆಂದು ಒಪ್ಪಲು ಮಾಳವೀಯರು ಸಿದ್ಧರಿರಲಿಲ್ಲ.

ಸಂಸ್ಥೆಯೊಂದರ ಹುಟ್ಟು

1955ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಬೆರಳೆಣಿಕೆಯ ವಿಜ್ಞಾನಿಗಳನ್ನು ಸೇರಿಸಿಕೊಂಡು ತೈಲ ಮತ್ತು ನೈಸರ್ಗಿಕ ಅನಿಲ ನಿರ್ದೇಶನಾಲಯವನ್ನು ಆರಂಭಿಸಲಾಯಿತು. ಅದೇ ವರ್ಷ ಮಾಳವೀಯರ ನೇತೃತ್ವದ ನಿಯೋಗವೊಂದು ಯೂರೋಪಿನ ಹಲವು ದೇಶಗಳಿಗೆ ತೆರಳಿ ಅಲ್ಲಿನ ತೈಲೋದ್ಯಮವನ್ನು ಅಧ್ಯಯನ ಮಾಡಿತು. ಭಾರತೀಯ ತಂತ್ರಜ್ಞರಿಗೆ ತರಬೇತಿ ದೊರಕಿಸುವುದೂ ಪ್ರವಾಸದ ಉದ್ದೇಶವಾಗಿತ್ತು. ಅಮೆರಿಕ, ಪಶ್ಚಿಮ ಜರ್ಮನಿ, ರುಮೇನಿಯಾ ಹಾಗೂ ಸೋವಿಯತ್ ಒಕ್ಕೂಟದ ತಜ್ಞರು ಭಾರತಕ್ಕೆ ಬಂದರು. ಎರಡನೇ ಪಂಚವಾರ್ಷಿಕ ಯೋಜನೆಯ ಅವಧಿಯಲ್ಲಿ ಎಲ್ಲೆಲ್ಲಿ ಸಮೀಕ್ಷೆ ನಡೆಸಬೇಕು, ಎಲ್ಲಿ ಕೊರೆಯಬೇಕು ಎಂಬ ವಿವರವಾದ ಯೋಜನೆಯನ್ನು ರೂಪಿಸಿಕೊಟ್ಟವರು ಸೋವಿಯತ್ ತಜ್ಞರು.

1956ರ ಏಪ್ರಿಲ್‌ನಲ್ಲಿ ಪ್ರಕಟವಾದ ಕೈಗಾರಿಕಾ ನೀತಿ ನಿರ್ಣಯವು ಖನಿಜ ತೈಲವನ್ನು ಸರ್ಕಾರದ ಹೊಣೆಯಲ್ಲಿರಬೇಕಾದ ಉದ್ಯಮಗಳ ಪಟ್ಟಿಗೆ ಸೇರಿಸಿತು. ಅದೇ ವರ್ಷದ ಆಗಸ್ಟ್‌ನಲ್ಲಿ ನಿರ್ದೇಶನಾಲಯವನ್ನು ಆಯೋಗದ ದರ್ಜೆಗೆ ಏರಿಸಲಾಯಿತು. ಸರ್ಕಾರಿ ಇಲಾಖೆಯೊಂದರ ಕಡತಗಳ ನಡುವೆ ತೈಲ ಹುಡುಕಲಾಗದು, ಕೊರೆಯುವ ಯಂತ್ರಕ್ಕೆ ಒಂದು ಬಿಡಿಭಾಗ ಬೇಕಾದರೂ ಹಣಕಾಸು ಸಚಿವಾಲಯದ ಒಪ್ಪಿಗೆಗೆ ಕಾಯಬೇಕಾದರೆ ಕೆಲಸ ನಿಂತುಹೋಗುತ್ತದೆ ಎಂಬುದು ಇದರ ಹಿಂದಿನ ವಿಚಾರವಾಗಿತ್ತು. 1959ರಲ್ಲಿ ಸಂಸತ್ತು ಅಂಗೀಕರಿಸಿದ ಕಾಯಿದೆಯ ಮೂಲಕ ತೈಲ ಮತ್ತು ನೈಸರ್ಗಿಕ ಅನಿಲ ಆಯೋಗವು ಶಾಸನಬದ್ಧ ಸಂಸ್ಥೆಯಾಯಿತು. ಇಂದು ಓಎನ್‌ಜಿಸಿ ಎಂದು ಮನೆಮಾತಾಗಿರುವ ಸಂಸ್ಥೆಯ ಹುಟ್ಟು ಇದು. ಹಿಮಾಲಯದ ತಪ್ಪಲಿನ ಡೆಹ್ರಾಡೂನ್ ಅದರ ಕೇಂದ್ರವಾಯಿತು.

ಮೊದಲ ಪ್ರಯತ್ನ ಹಿಮಾಚಲದ ಜ್ವಾಲಾಮುಖಿಯಲ್ಲಿ ನಡೆಯಿತು. ನೆಲದೊಳಗಿನಿಂದ ಹೊಮ್ಮುವ ಅನಿಲದ ಜ್ವಾಲೆಗಳನ್ನು ಭಕ್ತರು ದೇವಿಯೆಂದು ಪೂಜಿಸುವ ಊರದು. 1957ರಲ್ಲಿ ಆರಂಭವಾದ ಅಲ್ಲಿನ ಕೊರೆತ ವಾಣಿಜ್ಯ ಪ್ರಮಾಣದ ತೈಲವನ್ನು ಕೊಡಲಿಲ್ಲ. ಟೀಕಾಕಾರರ ಬಾಯಿಗೆ ಇದು ಆಹಾರವಾಯಿತು. ಆದರೆ 1958ರ ಸೆಪ್ಟೆಂಬರ್‌ನಲ್ಲಿ ಗುಜರಾತಿನ ಖಂಬಾತ್ ಸಮೀಪದ ಲುಣೇಜ್‌ನಲ್ಲಿ ತೈಲ ಕಾಣಿಸಿಕೊಂಡಾಗ ಚಿತ್ರ ಬದಲಾಯಿತು. 1960ರಲ್ಲಿ ಅಂಕಲೇಶ್ವರದಲ್ಲಿ ದೊಡ್ಡ ನಿಕ್ಷೇಪವೇ ದೊರೆಯಿತು. ಅಲ್ಲಿನ ಮೊದಲ ಬಾವಿಗೆ ಪ್ರಧಾನಿ ಜವಾಹರಲಾಲ್ ನೆಹರೂ ವಸುಧಾರಾ ಎಂದು ಹೆಸರಿಟ್ಟರು. ಅದೇ ವರ್ಷ ಅಸ್ಸಾಮಿನ ರುದ್ರಸಾಗರದಲ್ಲಿ, ಮರುವರ್ಷ ಗುಜರಾತಿನ ಕಲೋಲ್‌ನಲ್ಲಿ ತೈಲ ಪತ್ತೆಯಾಯಿತು. ಇದಕ್ಕೆ ವ್ಯತಿರಿಕ್ತವಾಗಿ, ಪಶ್ಚಿಮ ಬಂಗಾಳದಲ್ಲಿ ಸ್ಟಾನ್‌ವ್ಯಾಕ್ ಸರ್ಕಾರದೊಡನೆ ಸೇರಿ ವರ್ಷಗಳ ಕಾಲ ನಡೆಸಿದ ಶೋಧ ಬರಿಗೈಯಲ್ಲಿ ಮುಗಿದಿತ್ತು.

ಕಂಪನಿಗಳೊಡನೆ ಹಗ್ಗಜಗ್ಗಾಟ

ತೈಲ ತೆಗೆದರಷ್ಟೇ ಸಾಲದು, ಅದನ್ನು ಸಂಸ್ಕರಿಸುವ ಹಾಗೂ ಮಾರುವ ವ್ಯವಸ್ಥೆಯೂ ದೇಶದ ಕೈಯಲ್ಲಿರಬೇಕು ಎಂಬುದು ಮಾಳವೀಯರ ನಿಲುವಾಗಿತ್ತು. 1958ರಲ್ಲಿ ಇಂಡಿಯನ್ ರಿಫೈನರೀಸ್, 1959ರಲ್ಲಿ ಇಂಡಿಯನ್ ಆಯಿಲ್ ಕಂಪನಿ ಸ್ಥಾಪನೆಯಾದವು. ಇವೆರಡೂ 1964ರಲ್ಲಿ ಒಂದಾಗಿ ಇಂಡಿಯನ್ ಆಯಿಲ್ ಕಾರ್ಪೊರೇಷನ್ ಆಯಿತು. ರುಮೇನಿಯಾದ ನೆರವಿನಿಂದ ಗುವಾಹಟಿಯ ನೂನ್‌ಮಾಟಿಯಲ್ಲಿ ಕಟ್ಟಿದ ಶುದ್ಧೀಕರಣಾಗಾರವು 1962ರ ಹೊಸ ವರ್ಷದ ದಿನ ಉದ್ಘಾಟನೆಗೊಂಡಿತು. ಸೋವಿಯತ್ ನೆರವಿನ ಬರೌನಿ ಹಾಗೂ ಕೊಯಾಲಿ ಶುದ್ಧೀಕರಣಾಗಾರಗಳು ಅದನ್ನು ಹಿಂಬಾಲಿಸಿದವು.

1960ರಲ್ಲಿ ನಡೆದ ಬೆಲೆ ವಿವಾದವು ಈ ನಿಲುವಿನ ಮಹತ್ವವನ್ನು ಎತ್ತಿ ತೋರಿಸಿತು. ಸೋವಿಯತ್ ಒಕ್ಕೂಟ ಅಗ್ಗದ ದರದಲ್ಲಿ ಕಚ್ಚಾತೈಲ ಕೊಡಲು ಮುಂದೆ ಬಂದಿತು. ರೂಪಾಯಿಯಲ್ಲೇ ಪಾವತಿಸುವ ಅನುಕೂಲವೂ ಇತ್ತು. ವಿದೇಶಿ ವಿನಿಮಯದ ಕೊರತೆಯಿಂದ ಬಳಲುತ್ತಿದ್ದ ದೇಶಕ್ಕೆ ಇದು ವರದಾನವೇ ಸರಿ. ಆದರೆ ಆ ತೈಲವನ್ನು ತಮ್ಮ ಶುದ್ಧೀಕರಣಾಗಾರಗಳಲ್ಲಿ ಸಂಸ್ಕರಿಸಲು ವಿದೇಶಿ ಕಂಪನಿಗಳು ಒಪ್ಪಲಿಲ್ಲ. ಹಳೆಯ ಒಪ್ಪಂದದ ಷರತ್ತುಗಳನ್ನು ಮುಂದೊಡ್ಡಿದವು. ಸರ್ಕಾರದ ಕೈ ಕಟ್ಟಿಹೋಯಿತು. ಆದರೂ ಆ ಒತ್ತಡದ ಫಲವಾಗಿ ಕಂಪನಿಗಳು ತಮ್ಮ ಕಚ್ಚಾತೈಲದ ದರದಲ್ಲಿ ಒಂದಿಷ್ಟು ರಿಯಾಯಿತಿ ನೀಡಬೇಕಾಯಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಸೋವಿಯತ್ ಡೀಸೆಲ್ ಹೊತ್ತ ಹಡಗು ಬಂದಿಳಿದು, ಇಂಡಿಯನ್ ಆಯಿಲ್‌ನ ವ್ಯಾಪಾರ ಆರಂಭವಾಯಿತು.

ಮಾಳವೀಯರ ಈ ನಡೆಗಳು ಎಲ್ಲರಿಗೂ ಹಿಡಿಸಲಿಲ್ಲ. ಅವರದು ಎಡಪಂಥದ ಒಲವು, ಸೋವಿಯತ್ ಪಕ್ಷಪಾತ ಎಂಬ ಟೀಕೆ ಕಾಂಗ್ರೆಸ್ಸಿನ ಒಳಗೂ ಹೊರಗೂ ಇತ್ತು. ಬಡ ದೇಶವೊಂದು ಅನಿಶ್ಚಿತ ಫಲದ ತೈಲಶೋಧಕ್ಕೆ ಸಾರ್ವಜನಿಕ ಹಣ ಸುರಿಯುವುದು ಸರಿಯೇ ಎಂಬ ಪ್ರಶ್ನೆಯೂ ಇತ್ತು. ಈ ಪ್ರಶ್ನೆಯನ್ನು ಸುಲಭವಾಗಿ ತಳ್ಳಿಹಾಕುವಂತಿರಲಿಲ್ಲ. ತೈಲ ಸಿಗದ ಪ್ರತಿಯೊಂದು ಬಾವಿಯ ವೆಚ್ಚವೂ ಒಂದು ಆಸ್ಪತ್ರೆಗೋ ನೀರಾವರಿ ಕಾಲುವೆಗೋ ಸಲ್ಲಬಹುದಾಗಿದ್ದ ಹಣವೇ ಆಗಿತ್ತು. ನೆಹರೂ ಅವರ ಬೆಂಬಲವಿಲ್ಲದೆ ಮಾಳವೀಯರು ಇಷ್ಟು ದೂರ ಸಾಗುವುದು ಸಾಧ್ಯವಿರಲಿಲ್ಲ.

ಅರ್ಧ ದಾರಿಯಲ್ಲಿ ರಾಜೀನಾಮೆ

1962ರ ಚುನಾವಣೆಯ ನಂತರ ಮಾಳವೀಯರು ಗಣಿ ಮತ್ತು ಇಂಧನ ಖಾತೆಯ ಸಂಪುಟ ದರ್ಜೆ ಸಚಿವರಾದರು. ಆದರೆ ಆ ಅಧಿಕಾರ ಬಹುಕಾಲ ಉಳಿಯಲಿಲ್ಲ. ಒರಿಸ್ಸಾದ ಗಣಿ ಉದ್ಯಮ ಸಂಸ್ಥೆಯಾದ ಸಿರಾಜುದ್ದೀನ್ ಕಂಪನಿಯೊಂದಿಗಿನ ವ್ಯವಹಾರ ಅವರಿಗೆ ಮುಳುವಾಯಿತು. 1957ರ ಚುನಾವಣೆಯ ಸಂದರ್ಭದಲ್ಲಿ ಪಕ್ಷದ ಅಭ್ಯರ್ಥಿಯೊಬ್ಬರ ವೆಚ್ಚಕ್ಕಾಗಿ 10 ಸಾವಿರ ರೂಪಾಯಿಗಳನ್ನು ಆ ಕಂಪನಿಯಿಂದ ಕೊಡಿಸಿದರು ಎಂಬುದು ಅವರ ಮೇಲಿನ ಆರೋಪಗಳಲ್ಲಿ ಮುಖ್ಯವಾದುದು. ಸಂಸತ್ತಿನಲ್ಲಿ ಗದ್ದಲವೆದ್ದಿತು. ನೆಹರೂ ಅವರು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಎಸ್.ಕೆ. ದಾಸ್ ಅವರಿಗೆ ವಿಚಾರಣೆಯನ್ನು ವಹಿಸಿದರು. ವರದಿ ಸಾರ್ವಜನಿಕವಾಗಿ ಪ್ರಕಟವಾಗಲಿಲ್ಲ. 1963ರ ಜೂನ್‌ನಲ್ಲಿ ಮಾಳವೀಯರು ರಾಜೀನಾಮೆ ನೀಡಿದರು.

ಈ ಪ್ರಕರಣವನ್ನು ಎರಡು ಬಗೆಯಾಗಿ ಓದಲಾಗಿದೆ. ಪ್ರಬಲ ತೈಲ ಕಂಪನಿಗಳನ್ನು ಎದುರು ಹಾಕಿಕೊಂಡವರನ್ನು ಸಣ್ಣ ಮೊತ್ತದ ನೆಪದಲ್ಲಿ ಬಲಿ ಕೊಡಲಾಯಿತು ಎಂದು ಅವರ ಅಭಿಮಾನಿಗಳು ಭಾವಿಸಿದರು. ಗಣಿ ಖಾತೆಯ ಹೊಣೆ ಹೊತ್ತವರು ಗಣಿ ಮಾಲೀಕರಿಂದ ಪಕ್ಷಕ್ಕಾಗಿಯೇ ಆದರೂ ಹಣ ಪಡೆಯುವುದು ತಪ್ಪೇ ಎಂದು ಟೀಕಾಕಾರರು ವಾದಿಸಿದರು. ಎರಡನೆಯ ಮಾತಿನ ತೂಕ ಇಂದಿಗೂ ಕಡಿಮೆಯಾಗಿಲ್ಲ. ಚುನಾವಣಾ ವೆಚ್ಚ ಹಾಗೂ ಉದ್ಯಮಿಗಳ ನಂಟು ಭಾರತದ ರಾಜಕಾರಣವನ್ನು ಅಂದಿನಿಂದ ಇಂದಿನವರೆಗೂ ಕಾಡುತ್ತಲೇ ಇದೆ. ಮಾಳವೀಯರ ಜೀವನಚರಿತ್ರೆಯಲ್ಲಿ ಈ ಅಧ್ಯಾಯವನ್ನು ಮರೆಮಾಚಲಾಗದು.

ಅವರು ಹೊರನಡೆದರೂ ಅವರು ಕಟ್ಟಿದ ಸಂಸ್ಥೆ ನಿಲ್ಲಲಿಲ್ಲ ಎಂಬುದು ಗಮನಾರ್ಹ. ವ್ಯಕ್ತಿಯನ್ನು ಅವಲಂಬಿಸದೆ ಮುಂದುವರಿಯುವಂತೆ ಸಂಸ್ಥೆಯನ್ನು ಕಾಯಿದೆಯ ಮೂಲಕ ಭದ್ರಪಡಿಸಿದ್ದರ ಫಲವಿದು. ಅವರ ಅಧಿಕಾರಾವಧಿಯಲ್ಲೇ, 1962ರಲ್ಲಿ, ಡೆಹ್ರಾಡೂನಿನಲ್ಲಿ ಸಂಶೋಧನೆ ಹಾಗೂ ತರಬೇತಿಯ ಸಂಸ್ಥೆಯೂ ಆರಂಭವಾಗಿತ್ತು. ಅಲ್ಲಿ ಪಳಗಿದ ಯುವ ಭೂವಿಜ್ಞಾನಿಗಳು ಈಗ ಕಡಲಿನತ್ತ ದೃಷ್ಟಿ ಹರಿಸಿದ್ದರು.

ನೆಲದಿಂದ ನೀರಿಗೆ

ಗುಜರಾತಿನ ನೆಲದಡಿಯಲ್ಲಿ ತೈಲವಿದ್ದರೆ, ಅದೇ ಭೂರಚನೆ ಖಂಬಾತ್ ಕೊಲ್ಲಿಯ ನೀರಿನಡಿಗೂ ಚಾಚಿಕೊಂಡಿರಬೇಕು ಎಂಬುದು ಸರಳ ತರ್ಕ. ಇದನ್ನು ಪರೀಕ್ಷಿಸಲು 1964ರಿಂದ 1967ರ ನಡುವೆ ಅಕಾಡೆಮಿಕ್ ಅರ್ಖಾಂಗೆಲ್‌ಸ್ಕಿ ಎಂಬ ಸೋವಿಯತ್ ಸಮೀಕ್ಷಾ ನೌಕೆಯಲ್ಲಿ ಭಾರತೀಯ ಹಾಗೂ ಸೋವಿಯತ್ ವಿಜ್ಞಾನಿಗಳು ಪಶ್ಚಿಮ ತೀರದ ಸಮುದ್ರವನ್ನು ಶೋಧಿಸಿದರು. ನೀರಿನಲ್ಲಿ ಉಂಟುಮಾಡಿದ ಕಂಪನದ ಅಲೆಗಳು ತಳದ ಕಲ್ಲಿನ ಪದರಗಳಿಗೆ ತಾಗಿ ಹಿಂದಿರುಗುತ್ತವೆ. ಅವು ಮರಳಲು ತೆಗೆದುಕೊಳ್ಳುವ ಸಮಯವನ್ನು ದಾಖಲಿಸಿದರೆ ಕಣ್ಣಿಗೆ ಕಾಣದ ಪದರಗಳ ಏರುತಗ್ಗು ನಕ್ಷೆಯಾಗಿ ಮೂಡುತ್ತದೆ. ಹಾಗೆ ಮೂಡಿದ ನಕ್ಷೆಯಲ್ಲಿ ಮುಂಬೈಯ ಪಶ್ಚಿಮಕ್ಕೆ ಕಡಲ ತಳದಲ್ಲಿ ವಿಶಾಲವಾದ ಗುಮ್ಮಟದಂತಹ ಉಬ್ಬೊಂದು ಗೋಚರಿಸಿತು. ತೈಲ ಮತ್ತು ಅನಿಲ ನೀರಿಗಿಂತ ಹಗುರ. ಆದ್ದರಿಂದ ರಂಧ್ರಗಳುಳ್ಳ ಕಲ್ಲಿನ ಮೂಲಕ ಅವು ಮೇಲೇರಿ ಇಂತಹ ಗುಮ್ಮಟದ ನೆತ್ತಿಯಲ್ಲಿ ಸೇರಿಕೊಳ್ಳುತ್ತವೆ. ಬಾಂಬೆ ಹೈ ಎಂಬ ಹೆಸರಿಗೆ ಆ ಉಬ್ಬೇ ಕಾರಣ.

ನಕ್ಷೆ ಸಿದ್ಧವಾದರೂ ಕೊರೆಯುವ ಸಾಮರ್ಥ್ಯ ಇರಲಿಲ್ಲ. 1970ರ ಮಾರ್ಚ್‌ನಲ್ಲಿ ಖಂಬಾತ್ ಕೊಲ್ಲಿಯ ಅಲಿಯಾಬೆಟ್ ಬಳಿ ಆಳವಿಲ್ಲದ ನೀರಿನಲ್ಲಿ ಸ್ಥಿರ ವೇದಿಕೆಯೊಂದನ್ನು ಕಟ್ಟಿ ಮೊದಲ ಕಡಲ ಬಾವಿಯನ್ನು ಕೊರೆಯಲಾಯಿತು. ಪ್ರಧಾನಿ ಇಂದಿರಾ ಗಾಂಧಿ ಅದಕ್ಕೆ ಚಾಲನೆ ನೀಡಿದರು. ಅಲ್ಲಿ ವಾಣಿಜ್ಯ ಪ್ರಮಾಣದ ತೈಲ ದೊರೆಯಲಿಲ್ಲವಾದರೂ, ಅಬ್ಬರದ ಉಬ್ಬರವಿಳಿತದ ನಡುವೆ ಕೆಲಸ ಮಾಡುವ ಅನುಭವ ದೊರೆಯಿತು. ಬಾಂಬೆ ಹೈ ಇದ್ದದ್ದು ತೆರೆದ ಸಮುದ್ರದಲ್ಲಿ, ಸುಮಾರು 75 ಮೀಟರ್ ಆಳದ ನೀರಿನಲ್ಲಿ. ಅಲ್ಲಿಗೆ ಬೇರೆಯದೇ ಯಂತ್ರ ಬೇಕಿತ್ತು.

ಅಧಿಕಾರದಿಂದ ದೂರವಿದ್ದ ಈ ವರ್ಷಗಳಲ್ಲಿಯೂ ಮಾಳವೀಯರು ಸಾರ್ವಜನಿಕ ವಲಯದ ಉದ್ಯಮಗಳ ನಂಟನ್ನು ಬಿಡಲಿಲ್ಲ. ರಾಂಚಿಯ ಹೆವಿ ಎಂಜಿನಿಯರಿಂಗ್ ಕಾರ್ಪೊರೇಷನ್‌ನ ಅಧ್ಯಕ್ಷರಾಗಿ ಕೆಲಸ ಮಾಡಿದರು. 1971ರಲ್ಲಿ ಉತ್ತರ ಪ್ರದೇಶದ ಡುಮರಿಯಾಗಂಜ್ ಕ್ಷೇತ್ರದಿಂದ ಮತ್ತೆ ಲೋಕಸಭೆಗೆ ಆಯ್ಕೆಯಾದರು. ತೈಲ ಆಯೋಗದ ಕಾರ್ಯವೈಖರಿಯನ್ನು ಪರಿಶೀಲಿಸಲು ನೇಮಕವಾದ ಸಮಿತಿಯ ಅಧ್ಯಕ್ಷತೆಯೂ ಅವರ ಪಾಲಿಗೆ ಬಂದಿತು. ತಾವೇ ಹುಟ್ಟುಹಾಕಿದ ಸಂಸ್ಥೆಯ ಲೋಪದೋಷಗಳನ್ನು ತಾವೇ ತೂಗಿ ನೋಡುವ ಅಪರೂಪದ ಸಂದರ್ಭವದು.

ಸಾಗರ್ ಸಾಮ್ರಾಟ್ ಆಗಮನ

ಜಪಾನಿನ ಮಿತ್ಸುಬಿಷಿ ಹಡಗುಕಟ್ಟೆಯಲ್ಲಿ ನಿರ್ಮಾಣವಾದ ಸಾಗರ್ ಸಾಮ್ರಾಟ್ 1973ರಲ್ಲಿ ಭಾರತದ ವಶಕ್ಕೆ ಬಂದಿತು. ತಂತ್ರಜ್ಞರ ಭಾಷೆಯಲ್ಲಿ ಇದು ಜ್ಯಾಕ್‌ಅಪ್ ರಿಗ್. ಹಡಗಿನಂತೆ ತೇಲುತ್ತಾ ನಿಗದಿತ ಜಾಗಕ್ಕೆ ಬಂದು, ಉಕ್ಕಿನ ಉದ್ದನೆಯ ಕಾಲುಗಳನ್ನು ಸಮುದ್ರದ ತಳಕ್ಕೆ ಇಳಿಸುತ್ತದೆ. ಬಳಿಕ ಆ ಕಾಲುಗಳ ಮೇಲೆ ತನ್ನ ಒಡಲನ್ನು ಅಲೆಗಳಿಗೆ ನಿಲುಕದ ಎತ್ತರಕ್ಕೆ ಏರಿಸಿಕೊಂಡು ನಿಲ್ಲುತ್ತದೆ. ಕೆಲಸ ಮುಗಿದ ಮೇಲೆ ಕಾಲುಗಳನ್ನು ಮೇಲೆತ್ತಿ ಇನ್ನೊಂದು ಜಾಗಕ್ಕೆ ಸಾಗುತ್ತದೆ.

ಅದು ದೇಶಕ್ಕೆ ಕಷ್ಟದ ಕಾಲ. 1973ರ ಅಕ್ಟೋಬರ್‌ನ ಅರಬ್ ಇಸ್ರೇಲ್ ಯುದ್ಧದ ಬೆನ್ನಲ್ಲೇ ಕಚ್ಚಾತೈಲದ ಬೆಲೆ ಕೆಲವೇ ತಿಂಗಳಲ್ಲಿ ಸುಮಾರು ನಾಲ್ಕು ಪಟ್ಟು ಏರಿತ್ತು. ಭಾರತ ಆಗ ತನ್ನ ಅಗತ್ಯದ ಮೂರನೇ ಎರಡು ಭಾಗದಷ್ಟು ತೈಲವನ್ನು ಆಮದು ಮಾಡಿಕೊಳ್ಳುತ್ತಿತ್ತು. ಸೀಮೆಎಣ್ಣೆಯ ಸಾಲುಗಳು ಉದ್ದವಾದವು, ರಸಗೊಬ್ಬರ ದುಬಾರಿಯಾಯಿತು, ಹಣದುಬ್ಬರ ಜನರನ್ನು ಹಿಂಡಿತು. ಇಂತಹ ಹೊತ್ತಿನಲ್ಲಿ, 1974ರ ಜನವರಿ 31ರಂದು, ಬಾಂಬೆ ಹೈಯಲ್ಲಿ ಕೊರೆತ ಆರಂಭವಾಯಿತು. ಮೂರು ವಾರ ತುಂಬುವ ಮೊದಲೇ ಸುಣ್ಣಕಲ್ಲಿನ ಪದರದಲ್ಲಿ ತೈಲ ಕಾಣಿಸಿಕೊಂಡಿತು.

ಆ ಗಳಿಗೆಯಲ್ಲಿ ಪೆಟ್ರೋಲಿಯಂ ಸಚಿವರಾಗಿದ್ದವರು ದೇವಕಾಂತ ಬರುವಾ. ಮಾಳವೀಯರು ಅದೇ ವರ್ಷದ ಜನವರಿಯಲ್ಲಷ್ಟೇ ಸಂಪುಟಕ್ಕೆ ಮರಳಿ, ಮಣಿಪಾಲದ ಟಿ.ಎ. ಪೈ ಅವರು ನಿರ್ವಹಿಸುತ್ತಿದ್ದ ಉಕ್ಕು ಮತ್ತು ಗಣಿ ಖಾತೆಯನ್ನು ವಹಿಸಿಕೊಂಡಿದ್ದರು. ಅಕ್ಟೋಬರ್‌ನಲ್ಲಿ ಪೆಟ್ರೋಲಿಯಂ ಖಾತೆ ಅವರ ಕೈಗೆ ಬಂದಿತು. ಎಪ್ಪತ್ತರ ವಯಸ್ಸಿನಲ್ಲಿ, ಹನ್ನೊಂದು ವರ್ಷಗಳ ಅಂತರದ ಬಳಿಕ, ಅವರು ತಮ್ಮ ಹಳೆಯ ಕೆಲಸಕ್ಕೆ ಹಿಂದಿರುಗಿದರು.

ಎರಡನೇ ಇನ್ನಿಂಗ್ಸ್

ತೈಲ ಕಂಡುಹಿಡಿಯುವುದು ಬೇರೆ, ಅದನ್ನು ತೀರಕ್ಕೆ ತರುವುದು ಬೇರೆ. ಕಡಲಿನಲ್ಲಿ ತೈಲ ಉತ್ಪಾದಿಸಲು ಮೊದಲು ಉಕ್ಕಿನ ಕೊಳವೆಗಳಿಂದ ಹೆಣೆದ ಬೃಹತ್ ಚೌಕಟ್ಟನ್ನು ತೀರದಲ್ಲಿ ತಯಾರಿಸಿ, ದೋಣಿಗಳ ಮೇಲೆ ಸಾಗಿಸಿ, ಸಮುದ್ರದ ತಳದಲ್ಲಿ ನಿಲ್ಲಿಸಿ, ಉಕ್ಕಿನ ಗೂಟಗಳನ್ನು ಆಳಕ್ಕೆ ಬಡಿದು ಭದ್ರಪಡಿಸಬೇಕು. ಅದರ ಮೇಲೆ ಕೂರುವ ವೇದಿಕೆಯಿಂದ ಹಲವು ಬಾವಿಗಳು ಬೇರೆ ಬೇರೆ ದಿಕ್ಕಿಗೆ ಓರೆಯಾಗಿ ಇಳಿಯುತ್ತವೆ. ಬಾವಿಗಳಿಂದ ಬರುವ ತೈಲ, ಅನಿಲ ಹಾಗೂ ನೀರಿನ ಮಿಶ್ರಣವನ್ನು ಸಂಸ್ಕರಣ ವೇದಿಕೆಗೆ ಸಾಗಿಸಿ ಬೇರ್ಪಡಿಸಬೇಕು. ಸಿಬ್ಬಂದಿ ಉಳಿಯಲು ಪ್ರತ್ಯೇಕ ವೇದಿಕೆ, ಹೆಲಿಕಾಪ್ಟರ್ ಇಳಿಯಲು ತಾಣ, ಕಡಲ ತಳದಲ್ಲಿ ಕೊಳವೆ ಮಾರ್ಗ ಇವೆಲ್ಲ ಬೇಕು. ಮುಂಗಾರಿನ ತಿಂಗಳುಗಳಲ್ಲಿ ಸಮುದ್ರ ಇಂತಹ ಕೆಲಸಕ್ಕೆ ಅವಕಾಶ ಕೊಡುವುದಿಲ್ಲ. ಇದಾವುದರಲ್ಲಿಯೂ ಭಾರತಕ್ಕೆ ಮುಂಚಿನ ಅನುಭವವಿರಲಿಲ್ಲ.

ಆದರೂ ಶೋಧವಾದ ಎರಡು ವರ್ಷ ಮೂರು ತಿಂಗಳಲ್ಲಿ, ಅಂದರೆ 1976ರ ಮೇ 21ರಂದು, ಬಾಂಬೆ ಹೈಯಲ್ಲಿ ಉತ್ಪಾದನೆ ಆರಂಭವಾಯಿತು. ಆರಂಭದ ಪ್ರಮಾಣ ದಿನಕ್ಕೆ ಸುಮಾರು 3,500 ಬ್ಯಾರೆಲ್‌ಗಳಷ್ಟೇ. ಕೊಳವೆ ಮಾರ್ಗ ಸಿದ್ಧವಾಗುವವರೆಗೆ ಕಾಯದೆ, ಕಡಲಿನಲ್ಲೇ ಟ್ಯಾಂಕರ್ ಹಡಗುಗಳಿಗೆ ತೈಲ ತುಂಬಿ ತೀರಕ್ಕೆ ತರುವ ದಾರಿಯನ್ನು ಆರಿಸಿಕೊಳ್ಳಲಾಗಿತ್ತು. ಉರಣ್‌ಗೆ ಕೊಳವೆ ಮಾರ್ಗದ ಮೂಲಕ ತೈಲ ಮತ್ತು ಅನಿಲ ಹರಿದದ್ದು 1978ರಲ್ಲಿ. 1976ರಲ್ಲಿಯೇ ಸಮೀಪದ ಬೇಸಿನ್ ಅನಿಲಕ್ಷೇತ್ರವೂ ಪತ್ತೆಯಾಯಿತು.

ಅದೇ ವರ್ಷ ಸಂವಿಧಾನ ತಿದ್ದುಪಡಿಯೊಂದಿಗೆ ಸಾಗರ ವಲಯಗಳ ಕಾಯಿದೆಯೂ ಜಾರಿಗೆ ಬಂದಿತು. ತೀರದಿಂದ 12 ನಾಟಿಕಲ್ ಮೈಲುಗಳವರೆಗಿನ ಪ್ರಾದೇಶಿಕ ಸಮುದ್ರವಲ್ಲದೆ, 200 ನಾಟಿಕಲ್ ಮೈಲುಗಳವರೆಗಿನ ಸಂಪನ್ಮೂಲಗಳ ಮೇಲೆ ಭಾರತ ತನ್ನ ಹಕ್ಕನ್ನು ಶಾಸನದ ಮೂಲಕ ಸ್ಥಾಪಿಸಿತು. ಬಾಂಬೆ ಹೈ ಪ್ರಾದೇಶಿಕ ಸಮುದ್ರದ ಎಲ್ಲೆಯಿಂದ ಬಹು ಆಚೆಗಿದ್ದುದರಿಂದ ಈ ಶಾಸನದ ಮಹತ್ವ ಸಣ್ಣದಲ್ಲ.

ವಿದೇಶಿ ಕಂಪನಿಗಳ ಅಧ್ಯಾಯವೂ ಇದೇ ಅವಧಿಯಲ್ಲಿ ಮುಗಿಯಿತು. ಸ್ಟಾನ್‌ವ್ಯಾಕ್‌ನ ಉತ್ತರಾಧಿಕಾರಿಯಾಗಿದ್ದ ಎಸ್ಸೋ ಕಂಪನಿಯ ಬಹುಪಾಲು 1974ರಲ್ಲೇ ಸರ್ಕಾರದ ವಶವಾಗಿತ್ತು. 1976ರಲ್ಲಿ ಬರ್ಮಾ ಶೆಲ್, ಅದೇ ವರ್ಷದ ಕೊನೆಯಲ್ಲಿ ಕ್ಯಾಲ್ಟೆಕ್ಸ್ ರಾಷ್ಟ್ರೀಕರಣಗೊಂಡವು. ಹಿಂದೂಸ್ತಾನ್ ಪೆಟ್ರೋಲಿಯಂ ಹಾಗೂ ಭಾರತ್ ಪೆಟ್ರೋಲಿಯಂ ಎಂಬ ಹೆಸರುಗಳು ಊರೂರಿನ ಬಂಕುಗಳ ಮೇಲೆ ಮೂಡಿದವು. 1960ರಲ್ಲಿ ಅಗ್ಗದ ತೈಲವನ್ನು ಸಂಸ್ಕರಿಸಲು ಒಪ್ಪದ ಕಂಪನಿಗಳ ಶುದ್ಧೀಕರಣಾಗಾರಗಳು, ಹದಿನಾರು ವರ್ಷಗಳ ಬಳಿಕ, ಅದೇ ಸಚಿವರ ಅಧಿಕಾರಾವಧಿಯಲ್ಲಿ ಸಾರ್ವಜನಿಕ ಒಡೆತನಕ್ಕೆ ಬಂದವು.

ಈ ಸಾಧನೆಗಳಿಗೆ ಒಂದು ಕಪ್ಪು ಹಿನ್ನೆಲೆಯೂ ಇದೆ. ಇವುಗಳಲ್ಲಿ ಬಹುಪಾಲು ನಡೆದದ್ದು ತುರ್ತು ಪರಿಸ್ಥಿತಿಯ ಕಾಲದಲ್ಲಿ. ನಾಗರಿಕ ಹಕ್ಕುಗಳು ಅಮಾನತಿನಲ್ಲಿದ್ದಾಗ, ವಿರೋಧ ಪಕ್ಷಗಳ ನಾಯಕರು ಸೆರೆಮನೆಯಲ್ಲಿದ್ದಾಗ, ಮಾಳವೀಯರು ಇಂದಿರಾ ಗಾಂಧಿಯವರ ಸಂಪುಟದಲ್ಲೇ ಮುಂದುವರಿದರು. ಬ್ರಿಟಿಷರ ಕಾಲದಲ್ಲಿ ಸೆರೆಮನೆ ಕಂಡವರು ಆ ಸರ್ಕಾರದ ಭಾಗವಾಗಿ ಉಳಿದರು. 1977ರ ಮಾರ್ಚ್‌ನ ಚುನಾವಣೆಯಲ್ಲಿ ಜನ ತೀರ್ಪು ಕೊಟ್ಟರು. ಉತ್ತರ ಪ್ರದೇಶದ ಎಲ್ಲ 85 ಸ್ಥಾನಗಳನ್ನೂ ಕಾಂಗ್ರೆಸ್ ಕಳೆದುಕೊಂಡಿತು. ಡುಮರಿಯಾಗಂಜ್ ಕೂಡ ಅದರಲ್ಲಿ ಒಂದು. ಮಾಳವೀಯರ ಅಧಿಕಾರದ ಬದುಕು ಅಲ್ಲಿಗೆ ಕೊನೆಗೊಂಡಿತು. 1981ರ ಮೇ ತಿಂಗಳಲ್ಲಿ ಅವರು ನಿಧನರಾದರು. ಡೆಹ್ರಾಡೂನಿನ ಸಂಶೋಧನ ಸಂಸ್ಥೆಗೆ ಅದೇ ವರ್ಷ ಕೇಶವದೇವ ಮಾಳವೀಯ ಪೆಟ್ರೋಲಿಯಂ ಶೋಧನಾ ಸಂಸ್ಥೆ ಎಂದು ನಾಮಕರಣ ಮಾಡಲಾಯಿತು.

ಉಳಿದ ಫಲ, ಉಳಿದ ಪ್ರಶ್ನೆ

ಬಾಂಬೆ ಹೈಯ ಪೂರ್ಣ ಫಲವನ್ನು ಮಾಳವೀಯರು ನೋಡಲಿಲ್ಲ. 1980ರ ದಶಕದ ಮಧ್ಯಭಾಗದ ಹೊತ್ತಿಗೆ ದೇಶ ತನ್ನ ತೈಲದ ಅಗತ್ಯದಲ್ಲಿ ಮೂರನೇ ಎರಡು ಭಾಗಕ್ಕೂ ಹೆಚ್ಚನ್ನು ತಾನೇ ಉತ್ಪಾದಿಸುತ್ತಿತ್ತು. 1989-90ರ ವೇಳೆಗೆ ಬಾಂಬೆ ಹೈ ಒಂದರಿಂದಲೇ ವರ್ಷಕ್ಕೆ ಸುಮಾರು 2 ಕೋಟಿ ಟನ್ ತೈಲ ಬರುತ್ತಿತ್ತು. ಉರಣ್‌ನಲ್ಲಿ ಬೇರ್ಪಡಿಸಿದ ಅಡುಗೆ ಅನಿಲ ನಗರಗಳ ಮನೆಮನೆಗೆ ತಲುಪಿತು, ಕಡಲಿನ ಅನಿಲದಿಂದ ರಸಗೊಬ್ಬರ ಕಾರ್ಖಾನೆಗಳು ನಡೆದವು. ಕರ್ನಾಟಕಕ್ಕೂ ಈ ಪರಂಪರೆಯ ಪಾಲು ದೊರೆತಿದೆ. 1996ರಲ್ಲಿ ಕಾರ್ಯಾರಂಭ ಮಾಡಿ ನಷ್ಟಕ್ಕೆ ಸಿಲುಕಿದ್ದ ಮಂಗಳೂರಿನ ಎಂಆರ್‌ಪಿಎಲ್ ಶುದ್ಧೀಕರಣಾಗಾರವನ್ನು 2003ರಲ್ಲಿ ವಶಕ್ಕೆ ಪಡೆದದ್ದು ಓಎನ್‌ಜಿಸಿ. ಮುಂಬೈ ಹೈಯ ಕಚ್ಚಾತೈಲವೂ ಅಲ್ಲಿ ಸಂಸ್ಕರಣೆಗೊಳ್ಳುತ್ತದೆ.

ಕಡಲಿನ ತೈಲಕ್ಕೆ ತೆತ್ತ ಬೆಲೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. 2005ರ ಜುಲೈ 27ರಂದು ಮುಂಗಾರಿನ ಅಬ್ಬರದ ನಡುವೆ ನೌಕೆಯೊಂದು ಮುಂಬೈ ಹೈ ಉತ್ತರದ ವೇದಿಕೆಗೆ ಬಡಿದು, ತೈಲ ಕೊಳವೆ ಸೀಳಿ, ಬೆಂಕಿ ಹೊತ್ತಿಕೊಂಡಿತು. ಕೆಲವೇ ಗಂಟೆಗಳಲ್ಲಿ ಇಡೀ ವೇದಿಕೆ ಕುಸಿಯಿತು, 22 ಮಂದಿ ಜೀವ ತೆತ್ತರು. 2021ರ ಮೇ ತಿಂಗಳ ತೌಕ್ತೆ ಚಂಡಮಾರುತದಲ್ಲಿ ಅದೇ ಸಮುದ್ರದಲ್ಲಿ ಕಾರ್ಮಿಕರಿದ್ದ ಪಿ-305 ಎಂಬ ತೇಲುಮನೆ ಮುಳುಗಿ 70ಕ್ಕೂ ಹೆಚ್ಚು ಮಂದಿ ಸತ್ತರು. ಚಂಡಮಾರುತದ ಮುನ್ಸೂಚನೆ ದಿನಗಳ ಮೊದಲೇ ದೊರೆತಿತ್ತು ಎಂಬುದು ಆ ದುರಂತದ ಕಹಿಯನ್ನು ಹೆಚ್ಚಿಸಿತು.

ನಿಕ್ಷೇಪವೂ ಮುಪ್ಪಾಗುತ್ತಿದೆ. ಬಾವಿಗಳಿಗೆ ನೀರು ಹಾಯಿಸಿ ಒತ್ತಡ ಕಾಪಾಡಿಕೊಂಡರೂ, ಮತ್ತೆ ಮತ್ತೆ ಪುನರಭಿವೃದ್ಧಿ ಯೋಜನೆ ಕೈಗೊಂಡರೂ, ಉತ್ಪಾದನೆ ಹಳೆಯ ಶಿಖರವನ್ನು ಮುಟ್ಟಲಿಲ್ಲ. ಇಳಿಕೆಯನ್ನು ತಡೆಯಲು 2025ರಲ್ಲಿ ಬ್ರಿಟನ್ನಿನ ಬಿಪಿ ಕಂಪನಿಯನ್ನು ತಾಂತ್ರಿಕ ಸೇವೆಗೆ ನೇಮಿಸಿಕೊಳ್ಳಲಾಯಿತು. ಸಾಗರ್ ಸಾಮ್ರಾಟ್ ಕೂಡ ಕೊರೆಯುವ ಕೆಲಸದಿಂದ ನಿವೃತ್ತಿ ಪಡೆದು, ಉತ್ಪಾದನಾ ಘಟಕವಾಗಿ ಮಾರ್ಪಟ್ಟು 2022ರ ಡಿಸೆಂಬರ್‌ನಲ್ಲಿ ಮತ್ತೆ ಸೇವೆಗೆ ಸೇರಿದೆ. ಈ ನಡುವೆ ಬೇಡಿಕೆ ಬೆಳೆದ ವೇಗಕ್ಕೆ ಉತ್ಪಾದನೆ ಸಾಟಿಯಾಗದೆ, ದೇಶ ಇಂದು ತನಗೆ ಬೇಕಾದ ಕಚ್ಚಾತೈಲದ ಶೇ. 85ಕ್ಕೂ ಹೆಚ್ಚನ್ನು ಆಮದು ಮಾಡಿಕೊಳ್ಳುತ್ತಿದೆ.

ಹಾಗಾದರೆ ಮಾಳವೀಯರ ಶ್ರಮ ವ್ಯರ್ಥವಾಯಿತೇ? ಅಂಕಿಅಂಶಗಳ ಮೇಲ್ನೋಟ ಹಾಗೆನ್ನಬಹುದು. ಆದರೆ 1970 ಹಾಗೂ 80ರ ದಶಕಗಳ ತೈಲ ಆಘಾತಗಳನ್ನು ಬಾಂಬೆ ಹೈ ಇಲ್ಲದೆ ಎದುರಿಸಬೇಕಾಗಿದ್ದರೆ ದೇಶದ ಗತಿ ಏನಾಗುತ್ತಿತ್ತು ಎಂದು ಯೋಚಿಸಿದರೆ ಉತ್ತರ ಬೇರೆಯಾಗುತ್ತದೆ. ತನ್ನ ನೆಲದಲ್ಲೂ ಕಡಲಲ್ಲೂ ಏನಿದೆ ಎಂಬುದನ್ನು ತಾನೇ ಹುಡುಕಿ ತಿಳಿಯುವ ಸಾಮರ್ಥ್ಯ ಒಂದು ದೇಶಕ್ಕಿರಬೇಕು, ಆ ತಿಳಿವಿಗಾಗಿ ವ್ಯಾಪಾರಿಗಳ ಮಾತನ್ನು ನಂಬಿ ಕೂರಬಾರದು ಎಂಬ ಅವರ ನಿಲುವು ತೈಲಕ್ಕೆ ಮಾತ್ರ ಸೀಮಿತವಲ್ಲ. ಬಾವಿಗಳು ಒಂದು ದಿನ ಬತ್ತುತ್ತವೆ. ಆ ಸಾಮರ್ಥ್ಯವನ್ನು ಉಳಿಸಿಕೊಳ್ಳುವ ಹೊಣೆ ಮುಂದಿನವರದು.